ಶನಿ ದಾಟಿದ ಮೇಲೆ ತಿಮಿಂಗಿಲ

ನಮ್ಮ ಬಸ್ಸು ವಿಜ್ಞಾನ ಸಂಗ್ರಹಾಲಯದ ಗೇಟಿನವರೆಗೆ ಹೋಗುತ್ತದೆ. ಗೇಟಿನಿಂದ ಒಳಕ್ಕೆ ಹೋಗುವುದಿಲ್ಲ. ಆಮೇಲೆ ನಡೆದ ಗಲಾಟೆಗೆಲ್ಲ ಮೂಲ ಇದೇ.

ನಮ್ಮ ಬಸ್ಸು ಎಂದೆನಲ್ಲ, ಬಸ್ಸು ಸರ್ಕಾರದ್ದೇ. ಆದರೆ ಅದನ್ನು ಓಡಿಸುವವರು ನಮ್ಮ ಡ್ರೈವರ್ ಸಾಹೇಬರು, ಅದರಲ್ಲಿ ಟಿಕೆಟ್ ಕೊಡುವವನು ನಾನು. ಸರ್ಕಾರದವರು ಯಾರೂ ಬಂದು ಒಂದು ದಿನವೂ ಅದರ ಗಾಜು ಒರೆಸಿದ್ದಿಲ್ಲ, ಆದ್ದರಿಂದ ನಮ್ಮದು ಎನ್ನುವುದರಲ್ಲಿ ತಪ್ಪೇನೂ ಇಲ್ಲ. ಉಳಿದ ಬಸ್ಸುಗಳ ಕೊನೇ ಸ್ಟಾಪು ಎಲ್ಲೆಲ್ಲೋ ಇವೆ: ಮಾರ್ಕೆಟ್ಟು, ಆಸ್ಪತ್ರೆ, ನೀರಿನ ಟ್ಯಾಂಕು. ನಮ್ಮದು ಮಾತ್ರ ಸಂಗ್ರಹಾಲಯ. ಅದರ ಬಿಳಿ ಗುಮ್ಮಟ ಸೇತುವೆ ಏರುವಾಗಲೇ ಕಾಣಿಸುತ್ತದೆ. "ತಾರಾಲಯ! ಲಾಸ್ಟ್ ಸ್ಟಾಪ್! ಎಲ್ರೂ ಇಳೀರಿ!" ಎಂದು ಕೂಗುವಾಗ ನನ್ನ ದನಿ ತಾನಾಗಿಯೇ ಏರುತ್ತದೆ. ನೀರಿನ ಟ್ಯಾಂಕಿನ ರೂಟಿನ ಕಂಡಕ್ಟರಿಗೆ ಇದೆಂದರೆ ಹೊಟ್ಟೆಯುರಿ.

ಡ್ರೈವರ್ ಸಾಹೇಬರ ಕೈಗುಣದ ಬಗ್ಗೆ ನಾನು ಹೇಳಬಾರದು, ಹೇಳಿದರೆ ನಿಲ್ಲಿಸುವುದಿಲ್ಲ. ಅವರು ಬ್ರೇಕ್ ಹಾಕಿದ್ದು ನಿಂತುಕೊಂಡವರಿಗೂ ಗೊತ್ತಾಗುವುದಿಲ್ಲ. ಎಷ್ಟೋ ಜನ ಕೂತಲ್ಲೇ ನಿದ್ದೆ ಹೋಗಿ, ಕೊನೇ ಸ್ಟಾಪಿನಲ್ಲಿ ನಾನು ಭುಜ ಅಲುಗಾಡಿಸಿದ ಮೇಲೆ ಕಣ್ಣು ಬಿಟ್ಟು "ಇನ್ನೂ ಹೊರಟಿಲ್ವಾ?" ಎಂದು ಕೇಳಿದ್ದಾರೆ. ಕಂಡಕ್ಟರ್ 'ರೈಟ್' ಎನ್ನದೆ ಗಾಡಿ ಎತ್ತುವುದಿಲ್ಲ, 'ಹೋಲ್ಡಾನ್' ಎಂದ ಮೇಲೆ ಒಂದು ಗೇಣು ಮುಂದೆ ಹೋಗುವುದಿಲ್ಲ. ಇಂಥ ಮನುಷ್ಯನನ್ನು ಇಡೀ ಲೋಕದಲ್ಲಿ ಒಬ್ಬರೇ ಒಬ್ಬರು ಲೆಕ್ಕಕ್ಕಿಟ್ಟಿರಲಿಲ್ಲ. ಅವರು ಡ್ರೈವರ್ ಸಾಹೇಬರ ಹೆಂಡತಿಯ ಅಣ್ಣ.

ಈ ಭಾವನವರು ಒಂದು ಶಾಲೆಯ ಹೆಡ್ಮೇಷ್ಟ್ರು. ಕೇಳಿದ್ದಕ್ಕೂ ವಿವರಣೆ ಕೊಡುತ್ತಾರೆ, ಕೇಳದ್ದಕ್ಕೂ ಕೊಡುತ್ತಾರೆ. ನಮ್ಮ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲೇ ಕೂತು, "ಇಲ್ಲಿ ಗೇರ್ ಸ್ವಲ್ಪ ಬೇಗ ಬದಲಾಯಿಸ್ಬಹುದಿತ್ತು ಅಳಿಯಂದಿರೇ" ಎಂದು ಮಕ್ಕಳ ಪಾಠ ತಿದ್ದಿದ ಹಾಗೆ ತಿದ್ದುತ್ತಾರೆ. ಅವರಿಗೆ ಸೈಕಲ್ ಕೂಡ ಬರುವುದಿಲ್ಲ ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಒಂದು ದಿನ ಅವರು ತಾಯಿಯನ್ನು ಕರೆದುಕೊಂಡು ತಂಗಿಯ ಮನೆಗೆ ಊಟಕ್ಕೆ ಬಂದರು. ನಾನು ಪಕ್ಕದ ಮನೆಯವನು, ಊಟದ ಹೊತ್ತಿಗೆ ಸರಿಯಾಗಿ ಅಲ್ಲಿದ್ದೆ. ಮಾತು ತಾರಾಲಯದ ಕಡೆ ಹೊರಳಿತು. ಡ್ರೈವರ್ ಸಾಹೇಬರು, "ನಮ್ಮ ತಾರಾಲಯ ಇದೆಯಲ್ಲ..." ಎಂದು ಶುರು ಮಾಡಿದ್ದೇ ತಡ, ಹೆಡ್ಮೇಷ್ಟ್ರು ನಕ್ಕರು.

"ನಾನು ವರ್ಷಾ ವರ್ಷಾ ಮಕ್ಕಳನ್ನ ಕರ್ಕೊಂಡು ಹೋಗ್ತೀನಿ ಅಲ್ಲಿಗೆ. ನೀವು ಸುಮ್ನಿರಿ ಅಳಿಯಂದಿರೇ. ನಿಮ್ದೇನಿದ್ರೂ ಗೇಟ್ ತನಕ."

ಬಡಿಸುತ್ತಿದ್ದ ತಂಗಿಯ ಕೈ ನಿಂತಿತು. ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು. ಗೇಟಿನ ಹತ್ತಿರ ಬಸ್ಸು ತಿರುಗಿಸಿ, ಅಲ್ಲೇ ನಿಂತು ಟೀ ಕುಡಿದು ವಾಪಸ್ ಹೊರಡುವುದು ನಮ್ಮ ಕೆಲಸ. ರಜೆ ಸಿಕ್ಕಿದ ದಿನ ಮನುಷ್ಯ ಮಲಗುತ್ತಾನೆಯೇ ಹೊರತು ನಕ್ಷತ್ರ ನೋಡಲು ಹೋಗುವುದಿಲ್ಲ.

ಡ್ರೈವರ್ ಸಾಹೇಬರ ಕಿವಿ ಕೆಂಪಾದವು. "ಯಾರ್ ಹೇಳಿದ್ದು ಭಾವ? ಒಳಗೆ ಮೂಲೆ ಮೂಲೆ ಗೊತ್ತು ನನಗೆ. ಎಷ್ಟು ಸಲ ಹೋಗಿದೀನೋ ನನಗೇ ನೆನಪಿಲ್ಲ. ಬೇಕಾದ್ರೆ ಕಂಡಕ್ಟ್ರನ್ನ ಕೇಳಿ!"

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಿ ತುಂಬಿತ್ತು. ತಲೆ ಆಡಿಸಿದೆ. ಡ್ರೈವರ್ ಒಂದು ಮಾತು ಹೇಳಿದ ಮೇಲೆ ಕಂಡಕ್ಟರ್ ಇಲ್ಲ ಎಂದರೆ ಆ ಬಸ್ಸಿನ ಗತಿ ಏನಾಗಬೇಕು?

"ಬಹಳ ಸಂತೋಷ" ಎಂದರು ಹೆಡ್ಮೇಷ್ಟ್ರು. "ಬರೋ ಭಾನುವಾರ ಎಲ್ರೂ ಹೋಗೋಣ. ನೀವೇ ಎಲ್ಲಾ ವಿವರಿಸಿ. ನಾನು ಬಾಯಿ ಬಿಡಲ್ಲ."

ಅವರ ತಾಯಿ, ಅಂದರೆ ಡ್ರೈವರ್ ಸಾಹೇಬರ ಅತ್ತೆ, "ನನ್ನ ಅಳಿಯ ತೋರಿಸ್ತಾನಂತೆ!" ಎಂದು ಚಪ್ಪಾಳೆ ತಟ್ಟಿದರು. ಅವರು ಹೋದ ಮೇಲೆ ಸಾಹೇಬರ ಹೆಂಡತಿ ಪಾತ್ರೆ ಎತ್ತುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು: "ಹುಟ್ಟಿದಾಗಿನಿಂದ ನಮ್ಮಣ್ಣ ಹೇಳಿದ್ದೇ ಸರಿ ಅಂತ ಕೇಳ್ಕೊಂಡು ಬೆಳೆದೋಳು ನಾನು. ಒಂದೇ ಒಂದ್ಸಲ ಅವನ ಮುಂದೆ ನೀವು ಗೆದ್ದಿದ್ದು ನೋಡ್ಬೇಕು ರೀ."

ಇಷ್ಟಾದ ಮೇಲೆ ಗೆಲ್ಲದೆ ಬೇರೆ ದಾರಿ ಇರಲಿಲ್ಲ.

ಆ ವಾರ ನಾನು ತನಿಖೆಗೆ ಇಳಿದೆ. ಸಂಗ್ರಹಾಲಯ ನೋಡಿಕೊಂಡು ವಾಪಸ್ ಬರುವವರು ಹತ್ತುವುದು ನಮ್ಮ ಬಸ್ಸನ್ನೇ ತಾನೆ? ಟಿಕೆಟ್ ಕೊಡುವ ಮೊದಲು ಒಬ್ಬೊಬ್ಬರನ್ನೂ ಹಿಡಿದು, "ಒಳಗೆ ಏನೇನ್ ನೋಡಿದ್ರಿ?" ಎಂದು ಕೇಳತೊಡಗಿದೆ. ಒಬ್ಬ ಹುಡುಗಿ ಚಂದ್ರನ ಮೇಲೆ ಇಳಿದು ಬಂದಿದ್ದಳು. ಒಬ್ಬ ದಪ್ಪನೆಯ ಮನುಷ್ಯರು ಶನಿಯ ಬಳೆಯ ಸಂದಿನಿಂದ ತೂರಿಕೊಂಡು ಬಂದಿದ್ದರು; ಅವರು ನಮ್ಮ ಬಸ್ಸಿನ ಬಾಗಿಲಲ್ಲಿ ತೂರುವುದೇ ಕಷ್ಟವಾಗಿತ್ತು, ಆ ಮಾತು ಬೇರೆ. ಒಬ್ಬ ಮುದುಕಿ ಇನ್ನೂ ನಡುಗುತ್ತಿದ್ದರು. "ತಿಮಿಂಗಿಲ ಕಣಪ್ಪಾ! ಬಾಯಿ ಬಿಟ್ಕೊಂಡು ಮೈಮೇಲೇ ಬಂತು! ನಾನು ಚಪ್ಪಲಿ ಬಿಟ್ಟು ಓಡ್ಬೇಕು ಅಂತಿದ್ದೆ!" ಎಂದರು. ಹೊಸದಾಗಿ ಮದುವೆಯಾದ ಜೋಡಿಯೊಂದು ಕತ್ತಲಿತ್ತು, ಏನೂ ನೋಡಲಿಲ್ಲ ಎಂದು ನಾಚಿಕೊಂಡಿತು. ಅವರನ್ನು ಬಿಟ್ಟುಬಿಟ್ಟೆ.

ಇಷ್ಟೆಲ್ಲವನ್ನೂ ಸೇರಿಸಿ ಒಂದು ಕ್ರಮಕ್ಕೆ ತರಬೇಕಿತ್ತು. ನಾನು ಕಂಡಕ್ಟರ್, ನನಗೆ ಗೊತ್ತಿರುವ ಕ್ರಮ ಒಂದೇ, ಸ್ಟಾಪುಗಳದ್ದು. ಮೊದಲ ಸ್ಟಾಪು ಚಂದ್ರ, ಆಮೇಲೆ ಮಂಗಳ, ಆಮೇಲೆ ಶನಿ. ತಿಮಿಂಗಿಲ ನೋಡಿದವರು ಯಾವಾಗಲೂ ಶನಿ ನೋಡಿದವರಿಗಿಂತ ತಡವಾಗಿ ಬಂದು ಬಸ್ಸು ಹತ್ತುತ್ತಿದ್ದರು. ಅಂದ ಮೇಲೆ ತಿಮಿಂಗಿಲ ಶನಿಯಿಂದ ಆಚೆಗಿನ ಸ್ಟಾಪು ಎನ್ನುವುದು ಯಾರಿಗಾದರೂ ಅರ್ಥವಾಗುವ ವಿಷಯ.

ಗೇಟಿನ ಹತ್ತಿರ ಟೀ ಕುಡಿಯುತ್ತಾ ಇದನ್ನು ಡ್ರೈವರ್ ಸಾಹೇಬರಿಗೆ ಬಾಯಿಪಾಠ ಮಾಡಿಸಿದೆ. ಅವರು ಶನಿಯ ತನಕ ಚೆನ್ನಾಗಿಯೇ ಹೇಳಿ, ಆಮೇಲೆ ಗ್ಲಾಸು ಕೆಳಗಿಟ್ಟರು.

"ಅಲ್ರೀ ಕಂಡಕ್ಟ್ರೇ, ತಿಮಿಂಗಿಲ ಇರೋದು ನೀರಲ್ಲಲ್ವಾ?"

"ಸಾಹೇಬ್ರೇ, ವಿಜ್ಞಾನ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನಿಮಗೇನ್ ಗೊತ್ತು? ಕಣ್ಣಾರೆ ನೋಡಿದೋರು ಹೇಳ್ತಿದಾರೆ. ಅದೂ ಒಬ್ರಲ್ಲ."

ಅವರು ಸ್ವಲ್ಪ ಹೊತ್ತು ಗುಮ್ಮಟವನ್ನೇ ನೋಡಿ, "ಅದೂ ನಿಜ" ಎಂದರು.

ಅಂದು ಸಂಜೆ ಸಾಹೇಬರು ಹೆಂಡತಿಗೆ ಹೇಳಿದರು. ಹೆಂಡತಿ ನಮ್ಮ ಬೀದಿಯ ಟೈಲರಿಗೆ ಹೇಳಿದರು. ಟೈಲರಿಗೆ ಹೇಳಿದರೆ ಬೇರೆ ಯಾರಿಗೂ ಹೇಳಬೇಕಾಗಿಲ್ಲ. ಬೆಳಗಾಗುವಷ್ಟರಲ್ಲಿ ಶನಿ ದಾಟಿದ ಮೇಲೆ ತಿಮಿಂಗಿಲ ಇದೆ, ಅದು ಡ್ರೈವರ್ ಸಾಹೇಬರಿಗೆ ಚೆನ್ನಾಗಿ ಗೊತ್ತು ಎನ್ನುವ ಸುದ್ದಿ ಇಡೀ ಬೀದಿಯನ್ನು ಸುತ್ತಿ, ಟೈಲರಿನ ಅಂಗಡಿಗೇ ವಾಪಸ್ ಬಂದಾಗ ತಿಮಿಂಗಿಲಕ್ಕೆ ಎರಡು ಮರಿಗಳಾಗಿದ್ದವು.

ಮಾರನೇ ದಿನ ಹೆಡ್ಮೇಷ್ಟ್ರ ಫೋನು ಬಂತು. ಅವರು ನಕ್ಕ ಜೋರಿಗೆ ಸಾಹೇಬರು ಫೋನನ್ನು ಕಿವಿಯಿಂದ ದೂರ ಹಿಡಿದರು, ಪಕ್ಕದ ಮನೆಯಲ್ಲಿದ್ದ ನನಗೂ ಕೇಳಿಸಿತು.

"ಶನಿ ಆದ್ಮೇಲೆ ಯುರೇನಸ್ ಬರುತ್ತೆ ಅಳಿಯಂದಿರೇ! ಆರನೇ ಕ್ಲಾಸಿನ ಮಕ್ಕಳಿಗೂ ಗೊತ್ತು!"

"ಅದು ನಿಮ್ಮ ಪುಸ್ತಕದಲ್ಲಿ ಭಾವ. ನಾನು ಕಣ್ಣಲ್ಲಿ ನೋಡಿದ್ದು ಹೇಳ್ತಿದೀನಿ."

"ಮತ್ತೆ ತಿಮಿಂಗಿಲ ಬರ್ಲಿಲ್ಲ ಅಂದ್ರೆ?"

ಸಾಹೇಬರು ತಿರುಗಿ ನೋಡಿದರು. ಹೆಂಡತಿ ಬಾಗಿಲಲ್ಲೇ ನಿಂತಿದ್ದರು. "ಬರ್ಲಿಲ್ಲ ಅಂದ್ರೆ ಇನ್ಮೇಲೆ ನಿಮ್ಮ ಮುಂದೆ ನಾನು ತಲೆ ಎತ್ತಿ ಮಾತಾಡಲ್ಲ. ಸಾಕಾ?"

ಇನ್ನು ರಜೆಯದೊಂದು ಬಾಕಿ ಇತ್ತು. ಇಬ್ಬರಿಗೂ ಒಂದೇ ಭಾನುವಾರ ರಜೆ ಕೊಡುವುದು ನಮ್ಮ ಡಿಪೋದಲ್ಲಿ ಯಾರೂ ಕಂಡು ಕೇಳಿದ ವಿಷಯವಲ್ಲ. ಡಿಪೋ ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿ, "ಕಾರಣ?" ಎಂದರು.

"ಕುಟುಂಬದ ಗೌರವದ ಪ್ರಶ್ನೆ ಸಾರ್" ಎಂದರು ಡ್ರೈವರ್ ಸಾಹೇಬರು.

"ಏನಾಯ್ತು?"

"ತಿಮಿಂಗಿಲ ತೋರಿಸ್ಬೇಕು ಸಾರ್" ಎಂದೆ ನಾನು.

ಮ್ಯಾನೇಜರು ಪೆನ್ನು ಕೆಳಗಿಟ್ಟು, ಎದ್ದು ಹೋಗಿ ಬಾಗಿಲು ಹಾಕಿ ಬಂದು ಕೂತರು. "ಶನಿ ಆದ್ಮೇಲೆ ಬರುತ್ತಂತಲ್ಲ, ಅದಾ?" ಎಂದು ಮೆಲ್ಲಗೆ ಕೇಳಿದರು. "ನಮ್ಮನೇಲೂ ಅದೇ ಮಾತು. ಹೋಗ್ಬನ್ನಿ. ನೋಡ್ಕೊಂಡು ಬಂದು ಹೇಳಿ, ಮಕ್ಕಳನ್ನ ಕರ್ಕೊಂಡು ಹೋಗೋದು ಉಂಟಾ ಅಂತ."

ಭಾನುವಾರ ಹೊರಟೆವು. ಸಾಹೇಬರು, ಅವರ ಹೆಂಡತಿ, ಅತ್ತೆ, ಹೆಡ್ಮೇಷ್ಟ್ರು, ಅಂಗಡಿ ಮುಚ್ಚಿಕೊಂಡು ಬಂದ ಟೈಲರು, ನಾನು. ನಮ್ಮ ಬಸ್ಸಿನಲ್ಲೇ ಹೋದೆವು, ಬೇರೆ ಯಾರೋ ಓಡಿಸುತ್ತಿದ್ದರು. ಪ್ರತಿ ತಿರುವಿನಲ್ಲೂ ಸಾಹೇಬರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಗೇಟಿನಲ್ಲಿ ಕಾವಲಿನವರು ಸಾಹೇಬರನ್ನು ಕಂಡ ಕೂಡಲೇ ಸೆಲ್ಯೂಟ್ ಹೊಡೆದು, "ಬನ್ನಿ ಬನ್ನಿ ಸಾಹೇಬ್ರೇ!" ಎಂದರು. ದಿನಾ ಒಟ್ಟಿಗೆ ಟೀ ಕುಡಿಯುವವರು, ಸೆಲ್ಯೂಟ್ ಹೊಡೆಯದೆ ಇರುತ್ತಾರೆಯೇ? ಅತ್ತೆ ಮಗನ ಕಡೆ ಹೇಗೆ ನೋಡಿದರೆಂದರೆ, ಹೆಡ್ಮೇಷ್ಟ್ರು ಕರವಸ್ತ್ರ ತೆಗೆದು ಸುಮ್ಮನೆ ಮುಖ ಒರೆಸಿಕೊಂಡರು. ಸಾಹೇಬರು ಎದೆಯುಬ್ಬಿಸಿ ಮುಂದೆ ನಡೆದರು. ನಾವು ಹಿಂದೆ.

ಒಳಗೆ ಹೋದ ಸಾಹೇಬರು ದೊಡ್ಡ ಹಜಾರದಲ್ಲಿ ಗಕ್ಕನೆ ನಿಂತರು. ಎದುರಿಗೆ ಎರಡು ಬಾಣದ ಗುರುತುಗಳಿದ್ದವು. ಎಡಕ್ಕೆ, 'ತಾರಾಲಯ: ಗ್ರಹಗಳ ಪ್ರವಾಸ'. ಬಲಕ್ಕೆ, 'ದೈತ್ಯ ಪರದೆ ಚಿತ್ರಮಂದಿರ: ಸಾಗರದ ಆಳ'. ಅದರ ಕೆಳಗೆ ಬಾಯಿ ಬಿಟ್ಟುಕೊಂಡ ತಿಮಿಂಗಿಲದ ಚಿತ್ರ.

ನಾನು ಸಾಹೇಬರ ಮುಖ ನೋಡಿದೆ, ಸಾಹೇಬರು ನನ್ನ ಮುಖ ನೋಡಿದರು. ಇದು ಒಂದು ರೂಟು ಅಲ್ಲ, ಎರಡು. ಶನಿಯದ್ದು ಒಂದು ಮನೆ, ತಿಮಿಂಗಿಲದ್ದು ಇನ್ನೊಂದು ಮನೆ. ನಾನು ಇಡೀ ವಾರ ಕಷ್ಟಪಟ್ಟು ಎರಡು ಬಸ್ಸಿನ ಪ್ರಯಾಣಿಕರನ್ನು ಒಂದೇ ಬಸ್ಸಿಗೆ ತುಂಬಿದ್ದೆ.

"ಕಂಡಕ್ಟ್ರೇ" ಎಂದರು ಸಾಹೇಬರು ಹಲ್ಲು ಕಚ್ಚಿ.

"ಸಾಹೇಬ್ರೇ" ಎಂದೆ.

ಹೆಡ್ಮೇಷ್ಟ್ರೂ ಆ ಚಿತ್ರವನ್ನು ನೋಡಿದರು. ಅವರ ಮುಖ ಅರಳಿತು. "ಓಹೋ!" ಎಂದರು. ಅಷ್ಟೇ ಎಂದರು, ಮಾತು ಕೊಟ್ಟಿದ್ದರಲ್ಲ, ಬಾಯಿ ಬಿಡಲ್ಲ ಎಂದು. ಆದರೆ ಆ ಒಂದು 'ಓಹೋ'ದಲ್ಲಿ ಇಡೀ ವರ್ಷದ ಪಾಠವಿತ್ತು. "ನಡೀರಿ, ಮೊದಲು ಎಡಕ್ಕೇ ಹೋಗೋಣ. ಅಳಿಯಂದಿರು ಶನಿ ತನಕ ಕರ್ಕೊಂಡು ಹೋಗ್ಲಿ. ಆಮೇಲಿಂದು ಆಮೇಲೆ" ಎಂದು ಕೊನೆಗೆ ಬಾಯಿ ಬಿಟ್ಟೇಬಿಟ್ಟರು.

ಸಾಹೇಬರ ಹೆಂಡತಿಗೆ ಎಲ್ಲವೂ ಅರ್ಥವಾಗಿಹೋಗಿತ್ತು. ಗಂಡನ ಪಕ್ಕಕ್ಕೆ ಬಂದು, ಜೊತೆಯಲ್ಲೇ ನಡೆದರು. ಅದನ್ನು ನೋಡಿ ನನಗೆ ಅಲ್ಲೇ ಭೂಮಿಗಿಳಿದು ಹೋಗುವ ಹಾಗಾಯಿತು.

ತಾರಾಲಯ ಎಂದರೆ ಏನು ಹೇಳಲಿ! ತಲೆಯ ಮೇಲೆ ಆ ತುದಿಯಿಂದ ಈ ತುದಿಗೆ ಬಾಗಿದ ಗುಮ್ಮಟ, ಕೆಳಗೆ ಸುತ್ತಲೂ ಹಿಂದಕ್ಕೆ ಒರಗುವ ಕುರ್ಚಿಗಳು. ಇಂಥದ್ದೊಂದರ ಹೊಸ್ತಿಲಿಗೆ ಇಷ್ಟು ಕಾಲ ಜನರನ್ನು ತಂದು ಇಳಿಸಿದವರು ನಾವು ಎಂದು ಆ ಪೇಚಿನಲ್ಲೂ ನನ್ನ ಎದೆ ಉಬ್ಬಿತು. ದೀಪಗಳು ಆರಿದವು. ಮಧ್ಯದಲ್ಲಿ ಒಬ್ಬ ಅಧಿಕಾರಿ ಅಮ್ಮ, ಕಿರಿವಯಸ್ಸಿನವರು, ಮೈಕು ಹಿಡಿದು ನಿಂತು, "ಎಲ್ಲರೂ ಸಿದ್ಧವಾಗಿದ್ದೀರಾ? ಭೂಮಿಯನ್ನು ಬಿಟ್ಟು ಹೊರಡೋಣವೇ?" ಎಂದು ಕೇಳಿದರು.

"ರೈಟ್ ರೈಟ್!" ಎಂದು ಯಾರೋ ಕೂಗಿದರು. ಯಾರೋ ಏನು, ನಾನೇ. ಇಡೀ ಗುಮ್ಮಟ ನಕ್ಕಿತು, ಆದರೆ ನಾನು ಹೇಳಿದ ಮೇಲೆಯೇ ಆಕಾಶ ಹೊರಟಿದ್ದು ಎನ್ನುವುದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ.

ಚಂದ್ರ ಬಂದ. ಮಂಗಳ ಬಂದ. ಸಾಹೇಬರು ಅತ್ತೆಯ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದರು, ಎಲ್ಲವೂ ಸರಿಯಾಗಿಯೇ ಇತ್ತು. ಶನಿ ಬಂದಾಗ ಅದರ ಬಳೆ ನಮ್ಮ ಮೂಗಿನ ಮುಂದೆಯೇ ತಿರುಗಿತು. ಅಲ್ಲಿಗೆ ಸಾಹೇಬರ ದನಿ ಸಣ್ಣಗಾಗಿ ನಿಂತೇಹೋಯಿತು. ಕತ್ತಲಲ್ಲಿ ಹೆಡ್ಮೇಷ್ಟ್ರು ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು.

ಅತ್ತೆ ಸ್ವಲ್ಪ ಹೊತ್ತು ಕಾದರು. ಆಮೇಲೆ ಕುರ್ಚಿಯಿಂದ ಅರ್ಧ ಎದ್ದು, ಗುಮ್ಮಟ ಒಡೆಯುವ ಹಾಗೆ ಕೇಳಿಯೇಬಿಟ್ಟರು: "ಶನಿ ಆಯ್ತಲ್ಲಮ್ಮಾ, ತಿಮಿಂಗಿಲ ಎಲ್ಲಿ?"

ಜನ ಗೊಳ್ಳೆಂದರು. ನಾನು ಕಣ್ಣು ಮುಚ್ಚಿಕೊಂಡೆ.

"ಅಜ್ಜಿ, ನಿಮಗೆ ಇದು ಹೇಗೆ ಗೊತ್ತು?" ಎಂದರು ಅಧಿಕಾರಿ ಅಮ್ಮ. ದನಿಯಲ್ಲಿ ನಗೆ ಇರಲಿಲ್ಲ, ಆಶ್ಚರ್ಯ ಇತ್ತು. "ನಾನು ಈಗ ಅದನ್ನೇ ತೋರಿಸ್ಬೇಕು ಅಂತಿದ್ದೆ. ಇವತ್ತಿನ ಆಕಾಶಕ್ಕೆ ಬರೋಣ. ನೋಡಿ, ಇಲ್ಲಿದೆ ಶನಿ. ಅದರಿಂದ ಸ್ವಲ್ಪ ಆಚೆ, ಕೆಳಗಡೆ..." ಒಂದು ಹಸಿರು ಬೆಳಕಿನ ಚುಕ್ಕಿ ನಕ್ಷತ್ರದಿಂದ ನಕ್ಷತ್ರಕ್ಕೆ ಹರಿಯಿತು. ಗೆರೆಗಳು ಕೂಡಿದವು. ಬಾಲ ಮೂಡಿತು, ಬೆನ್ನು ಮೂಡಿತು, ಅಗಲವಾದ ತಲೆ ಮೂಡಿತು. "ಈ ನಕ್ಷತ್ರಗಳ ಗುಂಪಿಗೆ ಹೆಸರೇ ತಿಮಿಂಗಿಲ. ಈ ವರ್ಷ ಶನಿ ಇದರ ಪಕ್ಕದಲ್ಲೇ ಇದಾನೆ. ಇದು ಬಹಳ ಜನಕ್ಕೆ ಗೊತ್ತಿರಲ್ಲ. ನಿಮಗೆ ಯಾರು ಹೇಳಿದ್ರು ಅಜ್ಜಿ?"

"ನಮ್ಮ ಅಳಿಯ!" ಎಂದರು ಅತ್ತೆ. ಮೈಕಿನ ಅಗತ್ಯವೇ ಇರಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಟೈಲರು ಎದ್ದು ನಿಂತು ತಟ್ಟಿದರು. ನಾನಂತೂ ಸೀಟಿನಲ್ಲಿ ಕೂರಲಾರದೆ ಹೋದೆ. ಇಷ್ಟು ದೊಡ್ಡ ಆಕಾಶ ನನ್ನ ಒಂದು ಸುಳ್ಳು ಲೆಕ್ಕಾಚಾರವನ್ನು ನಿಜ ಮಾಡಿಕೊಡುತ್ತದೆಂದು ಯಾರು ಅಂದುಕೊಂಡಿದ್ದರು? ಸಾಹೇಬರು ಮಾತ್ರ ಒರಗಿದಲ್ಲಿಯೇ ಇದ್ದರು, ಬಾಯಿ ತೆರೆದೇ ಇತ್ತು. ಪಕ್ಕದಲ್ಲಿ ಅವರ ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡು, ಅಣ್ಣನ ಕಡೆ ತಿರುಗಿ, "ಅಣ್ಣಾ, ಕಾಣಿಸ್ತಾ?" ಎಂದರು.

ಹೆಡ್ಮೇಷ್ಟ್ರು ಆ ತಿಮಿಂಗಿಲವನ್ನೇ ದುರುಗುಟ್ಟಿ ನೋಡುತ್ತಿದ್ದರು.

ಗೆದ್ದ ಮನುಷ್ಯ ಅಲ್ಲಿಗೇ ಮನೆಗೆ ಹೋಗಬೇಕು. ಸಾಹೇಬರು ಹೋಗಲಿಲ್ಲ. ಹೊರಗೆ ಬಂದ ಕೂಡಲೇ ಮೀಸೆ ನೀವಿಕೊಂಡು, "ನಡೀರಿ ಬಲಕ್ಕೆ! ಅಲ್ಲಿ ಜೀವಂತ ತಿಮಿಂಗಿಲಾನೂ ಇದೆ" ಎಂದರು. ಹೆಡ್ಮೇಷ್ಟ್ರು ತಟ್ಟನೆ ನಿಂತರು.

"ನೀವು ಹೋಗಿ ಬನ್ನಿ. ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ. ಎಷ್ಟು ಸಲ ನೋಡೋದು ಅದನ್ನ."

"ಅದು ಹ್ಯಾಗಾಗುತ್ತೆ ಭಾವ? ಟಿಕೆಟ್ ಎರಡಕ್ಕೂ ಸೇರಿಸಿ ತಗೊಂಡಿದೀವಿ."

"ಸ್ವಲ್ಪ ತಲೆನೋವು..."

"ಇಷ್ಟೊತ್ತು ಇರ್ಲಿಲ್ವಲ್ಲ?" ಎಂದರು ತಾಯಿ. "ಸೋತ ತಕ್ಷಣ ತಲೆನೋವಾ? ಸುಮ್ನೆ ನಡಿ."

ದೈತ್ಯ ಪರದೆ ಎಂದು ಬರೆದವರು ಸುಮ್ಮನೆ ಬರೆದಿಲ್ಲ. ಒಂದು ದೊಡ್ಡ ಕಟ್ಟಡದ ಗೋಡೆಯಷ್ಟು ಪರದೆ, ಅದರ ಎದುರಿಗೆ ಸೀಟುಗಳ ಸಾಲು ಸಾಲು, ಏಣಿಯಷ್ಟು ಕಡಿದಾಗಿ ಮೇಲಕ್ಕೆ. ಸಾಹೇಬರು ಎಲ್ಲರನ್ನೂ ಕಟ್ಟಕಡೆಯ ಸಾಲಿಗೆ ಹತ್ತಿಸಿದರು, ಪೂರ್ತಿ ಕಾಣಬೇಕಂತೆ. ಹೆಡ್ಮೇಷ್ಟ್ರು ನೆಲವನ್ನೇ ನೋಡುತ್ತಾ, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು ಹತ್ತಿದರು. ದೊಡ್ಡವರು ನನ್ನ ತೋಳು ಹಿಡಿದರಲ್ಲ ಎಂದು ನಾನು ಹಿಗ್ಗಿದೆನೇ ಹೊರತು ಯಾಕೆಂದು ಯೋಚಿಸಲಿಲ್ಲ.

ಸಿನಿಮಾ ಶುರುವಾಯಿತು. ಒಂದು ಹಡಗು ಅಲೆಯ ತುದಿಗೆ ಏರಿ, ಅಲ್ಲಿಂದ ದಬಕ್ಕನೆ ಕೆಳಗಿಳಿಯಿತು. ನಮ್ಮ ಇಡೀ ಸಾಲೇ ಇಳಿದ ಹಾಗಾಯಿತು. ಸಾಹೇಬರ ಕಾಲು ಬ್ರೇಕ್ ತುಳಿಯಲು ಹೋಗಿ ಮುಂದಿನ ಸೀಟಿನವರ ಬೆನ್ನಿಗೆ ಬಿತ್ತು. "ಏನ್ರೀ ಇದು!" ಎಂದು ಅವರು ತಿರುಗಿದರು. "ನನ್ನನ್ ಬೈಯ್ಬೇಡಿ, ಆ ಹಡಗಿನವನ್ನ ಬೈಯ್ರಿ! ಇಳಿಜಾರಲ್ಲಿ ಹಿಂಗಾ ಬಿಡೋದು?" ಎಂದರು ಸಾಹೇಬರು. ಆಮೇಲೆ ಕ್ಯಾಮೆರಾ ಒಂದು ಬಂಡೆಯ ತುದಿಯಿಂದ ಹಾರಿತು, ಕೆಳಗೆ ಬಹಳ ಆಳದಲ್ಲಿ ಸಮುದ್ರ. "ಹಿಡ್ಕೊಳ್ಳಿ ಎಲ್ರೂ!" ಎಂದು ಸಾಹೇಬರು ಕೂಗಿದರು. ನಮ್ಮ ರೂಟಿನ ಪ್ರಯಾಣಿಕರು ಆ ಹಾಲಿನಲ್ಲಿ ಎಷ್ಟು ಜನ ಇದ್ದರೋ, ಅಷ್ಟೂ ಜನ ಅಭ್ಯಾಸಬಲದಿಂದ ಮುಂದಿನ ಸೀಟಿನ ಕಂಬಿ ಹಿಡಿದರು. ಕೊನೆಗೆ ತಿಮಿಂಗಿಲ ಬಂತು, ಬಾಯಿ ಬಿಟ್ಟಿತು, ನಮ್ಮನ್ನೆಲ್ಲ ನುಂಗಿ ಸಿನಿಮಾ ಮುಗಿಯಿತು.

ದೀಪ ಬಂತು. ಎಲ್ಲರೂ ಎದ್ದರು. ಹೆಡ್ಮೇಷ್ಟ್ರು ಏಳಲಿಲ್ಲ.

"ನಿದ್ದೆ ಹೋಗಿದಾನೆ" ಎಂದರು ತಾಯಿ.

ನಿದ್ದೆ ಅಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಎರಡು ಕೈಯಲ್ಲೂ ಕುರ್ಚಿ ಹಿಡಿದ ಹಿಡಿತಕ್ಕೆ ಬೆರಳುಗಳು ಬೆಳ್ಳಗಾಗಿದ್ದವು. "ನನ್ನ ಕೈಲಿ ಇಳಿಯೋಕಾಗಲ್ಲ" ಎಂದರು. ಆ ದನಿಯನ್ನು ನಾವು ಯಾರೂ ಅವರಿಂದ ಕೇಳಿರಲಿಲ್ಲ.

ಟೈಲರು ಕಣ್ಣು ಬಿಡಿ, ಏನೂ ಆಗಲ್ಲ ಎಂದರು. ಅವರು ಒಂದು ಕಣ್ಣು ಬಿಟ್ಟು ಆ ಇಳಿಜಾರನ್ನು ನೋಡಿ ಮತ್ತಷ್ಟು ಗಟ್ಟಿಯಾಗಿ ಮುಚ್ಚಿಕೊಂಡರು. ಚಿತ್ರಮಂದಿರದ ಕಾವಲಿನವರು ಓಡಿಬಂದು, "ಮುಂದಿನ ಶೋ ಜನ ಒಳಗೆ ಬರ್ತಿದಾರೆ, ಎತ್ಕೊಂಡು ಹೋಗೋಣ್ವಾ?" ಎಂದರು. ಹೆಡ್ಮೇಷ್ಟ್ರು "ಬೇಡ ಬೇಡ ಬೇಡ!" ಎಂದು ಕಿರುಚಿದರು. ಅಷ್ಟರಲ್ಲಿ, ಮುಂದಿನ ಶೋ ಪರಿಚಯಿಸಲು ಬಂದಿದ್ದ ಆ ಅಧಿಕಾರಿ ಅಮ್ಮನೂ ಅಲ್ಲಿನ ಮೈಕು ಹಿಡಿದುಕೊಂಡೇ ಮೇಲೆ ಬಂದರು. ಕೆಳಗೆ ಮುಂದಿನ ಶೋದ ಜನ ಬಂದು ಕೂತು, ಪರದೆಗೆ ಬೆನ್ನು ಹಾಕಿ ನಮ್ಮನ್ನೇ ನೋಡತೊಡಗಿದರು. ತಂಗಿಯ ಕಣ್ಣಲ್ಲಿ ನೀರು ಬಂದಿತ್ತು. ಅಣ್ಣ ಸೋಲುವುದನ್ನು ನೋಡಬೇಕು ಎಂದಿದ್ದವರೇ, ಆದರೆ ಹೀಗಲ್ಲ. "ಏನಾದ್ರೂ ಮಾಡಿ ರೀ" ಎಂದರು ಗಂಡನಿಗೆ.

ಸಾಹೇಬರು ಆ ಮೆಟ್ಟಿಲುಗಳನ್ನು ಒಮ್ಮೆ ನೋಡಿದರು. ಅಗಲ ಅಳೆದರು, ತಿರುವು ಅಳೆದರು. ಡಿಪೋದಲ್ಲಿ ಇಕ್ಕಟ್ಟಾದ ಜಾಗಕ್ಕೆ ಗಾಡಿ ಹಾಕುವ ಮುಂಚೆ ಹೀಗೆಯೇ ನೋಡುತ್ತಾರೆ.

"ಕಂಡಕ್ಟ್ರೇ, ಮುಂದಕ್ಕೆ ಆಗಲ್ಲ. ರಿವರ್ಸ್ ತಗೋಬೇಕು. ಕೆಳಗೆ ಹೋಗಿ ನಿಂತ್ಕೊಳ್ಳಿ."

ನನಗೆ ಎರಡನೇ ಮಾತು ಬೇಕಿರಲಿಲ್ಲ. ಕೆಳಗಿಳಿದು, ಮೆಟ್ಟಿಲು ಮುಗಿಯುವಲ್ಲಿ ನಿಂತೆ. ಮೇಲೆ ಸಾಹೇಬರು ಭಾವನವರನ್ನು ಎಬ್ಬಿಸಿ, ಮುಖ ಹಿಂಗೋಡೆಗೆ, ಬೆನ್ನು ನಮ್ಮ ಕಡೆಗೆ ಮಾಡಿ ನಿಲ್ಲಿಸಿದರು. ತಾವು ಒಂದು ಮೆಟ್ಟಿಲು ಕೆಳಗೆ ನಿಂತು ಅವರ ಎರಡೂ ಮೊಣಕೈಗಳನ್ನು ಹಿಂದಿನಿಂದ ಹಿಡಿದರು. ಅಧಿಕಾರಿ ಅಮ್ಮ ಮೈಕು ಹಿಡಿದು ಪಕ್ಕದಲ್ಲೇ ಜೊತೆಗೆ ಇಳಿಯತೊಡಗಿದರು, ಅದನ್ನು ಆರಿಸುವುದು ಅವರಿಗೆ ನೆನಪಿರಲಿಲ್ಲ.

"ಬರ್ಲಿ" ಎಂದೆ. ಒಂದು ಕಾಲು ಕೆಳಗೆ ಬಂತು. "ಬರ್ಲಿ, ಬರ್ಲಿ..." ಇನ್ನೊಂದು ಬಂತು. "ಸ್ವಲ್ಪ ಎಡಕ್ಕೆ ಸಾಹೇಬ್ರೇ, ಬಲಗಡೆ ಕಂಬಿ ಇದೆ. ಹಾಂ, ಸೀದಾ ಬರ್ಲಿ!" ಪಕ್ಕದ ಕಂಬಿಗೆ ಅಂಗೈಯಿಂದ ಬಡಿದೆ, ಬಸ್ಸಿಗೆ ಬಡಿದ ಹಾಗೆ. ಹೆಡ್ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, ನಮ್ಮ ಗಾಡಿಯಷ್ಟೇ ವಿಧೇಯವಾಗಿ ಹಿಂದಕ್ಕೆ ಇಳಿಯುತ್ತಿದ್ದರು. ಕೂತ ಜನಕ್ಕೂ ಹುರುಪು ಬಂತು. ಎಲ್ಲರೂ ಸೇರಿ "ಬರ್ಲಿ, ಬರ್ಲಿ" ಎನ್ನತೊಡಗಿದರು.

ಅರ್ಧ ಇಳಿದಾಗ ಸಾಹೇಬರು ಭಾವನ ಕಿವಿಯ ಹತ್ತಿರ ಪಿಸುಗುಟ್ಟಿದರು. ಆ ಹಾಲಿನ ಸ್ಪೀಕರುಗಳು ತಿಮಿಂಗಿಲದ ಉಸಿರು ಕೇಳಿಸಲು ಹಾಕಿದವು. ಪಿಸುಮಾತು ಗುಡುಗಿನ ಹಾಗೆ ಎಲ್ಲರಿಗೂ ಕೇಳಿಸಿತು.

"ಭಾವ, ಒಂದು ಮಾತು. ನಾನು ಒಳಗೆ ಬಂದಿದ್ದು ಇದೇ ಮೊ‌ದಲ್ನೇ ಸಲ. ಸುಳ್ಳು ಹೇಳಿದ್ದೆ."

ಹೆಡ್ಮೇಷ್ಟ್ರು ಒಂದು ಮೆಟ್ಟಿಲು ಇಳಿದರು. ಇನ್ನೊಂದು ಇಳಿದರು.

"ನಾನೂ" ಎಂದವು ಸ್ಪೀಕರುಗಳು.

"ಏನು?"

"ವರ್ಷಾ ವರ್ಷಾ ಮಕ್ಕಳನ್ನ ಒಳಗೆ ಕಳಿಸಿ ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತಿದ್ದೆ. ಎತ್ತರ ಅಂದ್ರೆ ನನಗೆ ಭಯ. ಯಾರಿಗೂ ಹೇಳ್ಬೇಡಿ ಅಳಿಯಂದಿರೇ."

"ಯಾಕ್ ಹೇಳ್ಲಿ ಭಾವ" ಎಂದರು ಸಾಹೇಬರು. ಇಡೀ ಚಿತ್ರಮಂದಿರ ನಗು ತಡೆದುಕೊಳ್ಳಲಾಗದೆ ಬಾಯಿಗೆ ಕೈ ಅಡ್ಡ ಹಿಡಿದಿತ್ತು. ಆದರೂ ಎಲ್ಲೋ ಒಂದೆರಡು ನಗು ಸೋರಿದವು.

"ಯಾರದು ನಗ್ತಿರೋದು?"

"ಸಿನಿಮಾದವರು ಭಾವ. ನೀವು ಕಾಲ್ ಇಡಿ. ನಾನಿದೀನಿ."

ಕೊನೆಯ ಮೆಟ್ಟಿಲು ಬಂತು. "ಹೋಲ್ಡಾನ್!" ಎಂದೆ. ಅಧಿಕಾರಿ ಅಮ್ಮ ಗಾಬರಿಯಿಂದ, "ಸಾರ್, ಹೇಗಿದೀರಿ? ಡಾಕ್ಟರನ್ನ ಕರೆಸ್ಲಾ?" ಎಂದು ಮೈಕನ್ನು ಅವರ ಮುಖದ ಹತ್ತಿರ ತಂದರು.

ಹೆಡ್ಮೇಷ್ಟ್ರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹಿಂದಕ್ಕೆ ಕೈ ಚಾಚಿ ಸಾಹೇಬರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಡಾಕ್ಟರ್ ಯಾಕಮ್ಮ?" ಎಂದರು. "ನಮ್ಮನೆ ಡ್ರೈವರ್ ಇದಾರಲ್ಲ."

ಆ ಮಾತು ಎಲ್ಲ ಸ್ಪೀಕರುಗಳಿಂದಲೂ ಹೊರಟು, ಅಷ್ಟು ದೊಡ್ಡ ಪರದೆಗೆ ಬಡಿದು, ಮೇಲಿನ ಸಾಲಿನಲ್ಲಿ ನಿಂತಿದ್ದ ತಂಗಿಯ ತನಕ ಹೋಯಿತು. ನಾನು ಮತ್ತೊಮ್ಮೆ "ಹೋಲ್ಡಾನ್, ಹೋಲ್ಡಾನ್ ಸಾಹೇಬ್ರೇ!" ಎಂದು ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಮೆಟ್ಟಿಲು ಮುಗಿದು ಬಹಳ ಹೊತ್ತಾಗಿದ್ದರೂ, ಭಾವನ ಕೈ ಹಿಡಿದುಕೊಂಡು, ನನ್ನನ್ನೂ ದಾಟಿ, ಬಾಗಿಲನ್ನೂ ದಾಟಿ, ಹಜಾರದ ಕೊನೆಯ ತನಕ ನಿಲ್ಲಿಸದೆ ಹೋದರು.